ಚರ್ಚಿಸಿದವರು: ಯಾರೂ ಇಲ್ಲ

ಸೊನ್ನೆ ಮೇಷ್ಟ್ರಿಗೆ ಆ ಹೆಸರು ಪುಕ್ಕಟೆ ಬಂದದ್ದಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಅವರು ಹತ್ತಕ್ಕೆ ಮೂರು, ಹತ್ತಕ್ಕೆ ಮೂರೂವರೆ ಎಂದು ಚೌಕಾಸಿ ಮಾಡುವ ಆಸಾಮಿಯೇ ಅಲ್ಲ. ಬರೆದ ಪ್ರೋಗ್ರಾಮು ಓಡಿದರೆ ಹತ್ತು, ಓಡದಿದ್ದರೆ ಸೊನ್ನೆ. ಪಕ್ಕದವರಿಂದ ಎತ್ತಿದ್ದೆಂದು ಗೊತ್ತಾದರೆ ಸೊನ್ನೆಯ ಜೊತೆಗೆ ಒಂದು ವರ್ಷ ಮನೆಯಲ್ಲಿ ಕೂರುವ ಶಿಕ್ಷೆ. ಹಾಗೆಂದು ಅವರು ಕೆಟ್ಟವರಲ್ಲ, ನ್ಯಾಯದ ಹುಚ್ಚು ಹಿಡಿದವರು. ಕೆಟ್ಟವರ ಕೈಯಿಂದ ಹೇಗೋ ಪಾರಾಗಬಹುದು. ಇಂಥವರ ಕೈಯಿಂದ ಪಾರಾಗುವುದು ಕಷ್ಟ.

ಮೊದಲ ದಿನವೇ ಅವರು ತಮ್ಮ ನಿಯಮ ಹೇಳಿದ್ದರು.

"ಒಬ್ಬರಿಗೊಬ್ಬರು ಮಾತಾಡ್ಕೊಳ್ಳಿ, ಬೇಡ ಅನ್ನಲ್ಲ. ಬೋರ್ಡ್ ಮೇಲೆ ಬರೀರಿ, ಬೇಕಾದ್ರೆ ಜಗಳ ಆಡಿ. ಆದ್ರೆ ಏಳುವಾಗ ಬೋರ್ಡ್ ಒರೆಸಿ ಏಳಬೇಕು. ಕೈಯಲ್ಲಿ ಒಂದು ಚೀಟಿನೂ ಇರಬಾರದು. ಅರ್ಧ ಗಂಟೆ ಬೇರೆ ಏನಾದ್ರೂ ಕೆಲಸ ಮಾಡಿ. ಆಮೇಲೆ ಕೂತು ಬರೀರಿ. ಅರ್ಧ ಗಂಟೆ ಆದ್ಮೇಲೂ ತಲೇಲಿ ಏನು ಉಳ್ಕೊಂಡಿರತ್ತೋ ಅದು ನಿಮ್ದು. ಇನ್ನೊಂದು, ಚರ್ಚೆ ಏನಿದ್ರೂ ಕ್ಲಾಸಿನವರ ಜೊತೆ ಮಾತ್ರ. ಹೊರಗಿನವರ ಹತ್ರ ಕೇಳಿದ್ರೆ ಸೊನ್ನೆ."

ಪ್ರತಿ ಪ್ರೋಗ್ರಾಮಿನ ತಲೆಯ ಮೇಲೆ ಒಂದು ಸಾಲು ಬರೆಯುವುದು ಕಡ್ಡಾಯ: ‘ಚರ್ಚಿಸಿದವರು’ ಎಂದು, ಮುಂದೆ ಅವರ ಹೆಸರು. ಯಾರ ಹತ್ತಿರವೂ ಮಾತಾಡಿರದಿದ್ದರೆ ‘ಯಾರೂ ಇಲ್ಲ’. ಹೀಗೆ ‘ಯಾರೂ ಇಲ್ಲ’ ಎಂದು ಬರೆದೂ ಹತ್ತಕ್ಕೆ ಹತ್ತು ತೆಗೆದವರ ಪಟ್ಟಿಯನ್ನು ಮೇಷ್ಟ್ರು ಸೋಮವಾರ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ‘ಒಂಟಿ ಸವಾರರು’ ಎಂದು ಅವರಿಗೊಂದು ಬಿರುದು. ಆ ಬಿರುದು ಕೊಡುವಾಗ ಮಾತ್ರ ಮೇಷ್ಟ್ರ ಮುಖದಲ್ಲಿ ನಗು ಕಾಣುತ್ತಿತ್ತು. ನಿಯಮ ಮಾಡಿದವರೇ ಅದನ್ನು ಮುರಿಯುವ ಆಸೆಯನ್ನೂ ಹುಟ್ಟಿಸಿದರೆ ಏನು ಹೇಳೋಣ.

ಮೇಷ್ಟ್ರ ಈ ನಿಯಮ ಪೂರ್ತಿ ಮರೆವಿನ ಮೇಲೆ ನಿಂತಿತ್ತು. ಒರೆಸಿದ್ದು ಅರ್ಧ ಗಂಟೆಯಲ್ಲಿ ಮಸುಕಾಗುತ್ತದೆ ಎಂಬುದು ಅದರ ಅಡಿಪಾಯ. ಆ ತರಗತಿಯ ಎಪ್ಪತ್ತು ಮಂದಿಯಲ್ಲಿ ಅರವತ್ತೊಂಬತ್ತು ಮಂದಿಯ ಮಟ್ಟಿಗೆ ಅದು ಸರಿಯೇ ಆಗಿತ್ತು.

ಉಳಿದ ಒಬ್ಬಳೇ ಗಿಣಿ.

ಅದು ಅವಳ ದೊಡ್ಡಮ್ಮ ಇಟ್ಟ ಹೆಸರು. ದೊಡ್ಡಮ್ಮನದು ಟೈಲರಿಂಗ್ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯ ಯೂನಿಫಾರಂ ಹೊಲಿಯುವುದರಲ್ಲಿ ಎತ್ತಿದ ಕೈ. ಗಿಣಿ ನಾಲ್ಕು ವರ್ಷದವಳಿದ್ದಾಗ ಅಮ್ಮನ ಜೊತೆ ಅಲ್ಲಿಗೆ ಬಂದು, ಅಳತೆ ಪುಸ್ತಕದ ಒಂದು ಪುಟ ಓದಿಸಿಕೊಂಡು ಕೇಳಿ, ಮಾರನೆಯ ದಿನ ಗಿರಾಕಿಗಳ ಎದುರಿಗೇ "ಭುಜ ಹದಿಮೂರು, ತೋಳು ಒಂಬತ್ತು, ಸೊಂಟ ಇಪ್ಪತ್ತೆಂಟು" ಎಂದು ಮೂವತ್ತು ಜನರ ಅಳತೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಸೊಂಟದ ಅಳತೆ ಬಹಿರಂಗವಾದ ಒಬ್ಬಾಕೆ ಅಂದಿನಿಂದ ಬೇರೆ ಟೈಲರ್ ಹುಡುಕಿಕೊಂಡಳಂತೆ. ದೊಡ್ಡಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ಅಯ್ಯೋ ನನ್ನ ಗಿಣಿಯೇ" ಎಂದು ಎತ್ತಿಕೊಂಡಿದ್ದಳು. ಹೆಸರು ಹಾಗೇ ಅಂಟಿತು.

ಒಂದು ಸಲ ಕಣ್ಣಿಗೋ ಕಿವಿಗೋ ಬಿದ್ದದ್ದು ಗಿಣಿಯ ತಲೆಯಿಂದ ಹೋಗುತ್ತಿರಲಿಲ್ಲ. ಅದರಿಂದ ಸುಖಕ್ಕಿಂತ ಪೇಚಾಟವೇ ಹೆಚ್ಚು. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಒಂದು ಪುಟವನ್ನು ಅಚ್ಚಿನ ತಪ್ಪಿನ ಸಮೇತ ಬರೆದು, ಕಾಪಿ ಹೊಡೆದಳೆಂದು ಬೆಂಚಿನ ಮೇಲೆ ನಿಂತಿದ್ದಳು. ಅಂದು ಅಮ್ಮ ಹೇಳಿದ್ದಳು, "ಇನ್ಮೇಲೆ ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ. ಬರೆಯುವಾಗ ಅಲ್ಲಿ ಇಲ್ಲಿ ನಾಲ್ಕು ಮಾತು ಬದಲಾಯಿಸಿ ಬರಿ." ಗಿಣಿ ಹಾಗೆಯೇ ಬದಲಾಯಿಸಿ ಬದಲಾಯಿಸಿ ಒಳ್ಳೆಯ ಅಂಕ ತೆಗೆದು ವಿಶ್ವವಿದ್ಯಾಲಯದವರೆಗೆ ಬಂದಳು. ಅಮ್ಮನ ಊರು ದೂರ. ಹಾಗಾಗಿ ದೊಡ್ಡಮ್ಮನ ಮನೆಯಲ್ಲೇ ಇದ್ದು ಓದುವುದೆಂದಾಯಿತು.

ಆದರೆ ಪ್ರೋಗ್ರಾಮಿಂಗ್ ಹಾಗೆಲ್ಲ ಬಗ್ಗುವ ವಿದ್ಯೆಯಲ್ಲ. ಅಲ್ಲಿ ಅರ್ಥವಾಗದೆ ನಾಲ್ಕು ಮಾತು ಬದಲಾಯಿಸಿದರೆ ಇಡೀ ಪ್ರೋಗ್ರಾಮು ಮಕಾಡೆ ಮಲಗುತ್ತದೆ. ಗಿಣಿಗೆ ಅದು ಅರ್ಥವಾಗುತ್ತಿರಲಿಲ್ಲ. ಈ ಮಾತನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ.

ಅರ್ಥವಾಗುತ್ತಿದ್ದದ್ದು ಅಕ್ಕನಿಗೆ. ಅಕ್ಕ ಎಂದರೆ ದೊಡ್ಡಮ್ಮನ ಮಗಳು, ಗಿಣಿಗಿಂತ ಒಂದು ವರ್ಷಕ್ಕೆ ದೊಡ್ಡವಳು. ಆದರೂ ಇಬ್ಬರೂ ಒಂದೇ ತರಗತಿ. ಹಿಂದಿನ ವರ್ಷ ಅಕ್ಕನ ಶ್ವಾಸಕೋಶ ಕೆಟ್ಟು, ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು, ವರ್ಷ ಹಾಳಾಗಿತ್ತು. ಅದು ವಿಶ್ವವಿದ್ಯಾಲಯದಲ್ಲಿ ಯಾರಿಗೂ ತಿಳಿಯದು. ‘ವೈಯಕ್ತಿಕ ಕಾರಣ’ ಎಂದು ಅರ್ಜಿಯಲ್ಲಿ ಬರೆದಿದ್ದಳು. ಜನ ಅಯ್ಯೋ ಪಾಪ ಎನ್ನುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅಲ್ಲಿ ಇನ್ನೊಂದು ನಿಯಮವೂ ಇತ್ತು. ಒಂದು ವರ್ಷ ತಪ್ಪಿದವರಿಗೆ ಯಾವ ಕಾರಣಕ್ಕಾದರೂ ಇನ್ನೊಂದು ವರ್ಷ ತಪ್ಪಿದರೆ ಸೀಟೇ ಹೋಗುತ್ತದೆ.

ಒಳಕೋಣೆಯ ಬೀರುವಿಗೆ ಆಳೆತ್ತರದ ಕನ್ನಡಿ. ಅದೇ ಅಕ್ಕ ತಂಗಿಯರ ಬೋರ್ಡು. ಮಾರ್ಕರ್ ಪೆನ್ನಿನಲ್ಲಿ ಬರೆಯುವುದು, ದೊಡ್ಡಮ್ಮ ಕತ್ತರಿಸಿ ಉಳಿದ ಬಟ್ಟೆ ಚೂರಿನಿಂದ ಒರೆಸುವುದು. ಆಮೇಲೆ ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಇಬ್ಬರೂ ಮುಂದಿನ ಕೋಣೆಗೆ ಹೋಗಿ ದೊಡ್ಡಮ್ಮನಿಗೆ ಗುಂಡಿ ಹಾಕಿಕೊಡುವುದು. ಹೀಗೆ ಮೂರು ಅಸೈನ್‌ಮೆಂಟು ಆಗಿದ್ದವು. ಮೂರೂ ಸಣ್ಣವು, ಇಡೀ ತರಗತಿಯ ಉತ್ತರ ಹೆಚ್ಚುಕಡಿಮೆ ಒಂದೇ. ಯಾರೂ ಗಮನಿಸಲಿಲ್ಲ.

ನಾಲ್ಕನೆಯದು ಲಿಫ್ಟ್. ಹತ್ತು ಮಹಡಿಯ ಕಟ್ಟಡ, ಒಂದೇ ಲಿಫ್ಟ್. ಯಾರು ಎಲ್ಲಿ ಗುಂಡಿ ಒತ್ತಿದರೆ ಅದು ಮೊದಲು ಯಾರ ಹತ್ತಿರ ಹೋಗಬೇಕು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಕೆಲಸವಿಲ್ಲದಾಗ ಎಲ್ಲಿ ಕಾಯಬೇಕು, ಇದನ್ನೆಲ್ಲ ತೀರ್ಮಾನಿಸುವ ಪ್ರೋಗ್ರಾಮು.

ಭಾನುವಾರ ಬೆಳಿಗ್ಗೆ ಅಕ್ಕ ಕನ್ನಡಿಯ ಮುಂದೆ ನಿಂತಳು. ಮೊದಲು ಚಿತ್ರ ಬರೆದಳು, ಬಾಣ ಎಳೆದಳು, ಒರೆಸಿದಳು. ಆಮೇಲೆ ಏನೋ ಹೊಳೆದವಳಂತೆ, ಚಿತ್ರದ ಬದಲು ಪ್ರೋಗ್ರಾಮನ್ನೇ ಮೇಲಿನಿಂದ ಕೆಳಗಿನವರೆಗೆ ಬರೆಯುತ್ತಾ ಹೋದಳು. ಐವತ್ತೆಂಟು ಸಾಲು. ಕೊನೆಯ ಸಾಲುಗಳನ್ನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬರೆದಳು. ಲಿಫ್ಟು ಬಾಗಿಲು ತೆರೆದು ನಿಲ್ಲುವ ಅವಧಿಗೆ ‘ಉಸಿರು’ ಎಂದು ಹೆಸರಿಟ್ಟಿದ್ದಳು. ಕೆಲಸವಿಲ್ಲದ ಲಿಫ್ಟ್ ಕೆಳಗೆ ನಿಲ್ಲದೆ ಏಳನೇ ಮಹಡಿಗೆ ಹೋಗಿ ನಿಲ್ಲುತ್ತಿತ್ತು.

"ಏಳು ಯಾಕೆ?" ಎಂದಳು ಗಿಣಿ.

"ಅಲ್ಲಿ ಕಾಯೋರಿಗೆ ಉಸಿರು ಇರಲ್ಲ ಕಣೆ," ಎಂದು ಅಕ್ಕ ಬಟ್ಟೆ ಎತ್ತಿಕೊಂಡು ಎಲ್ಲವನ್ನೂ ಒರೆಸಿದಳು.

ಅರ್ಧ ಗಂಟೆ ಗುಂಡಿ ಹಾಕಿದರು. ಅಕ್ಕ ಮೂರು ಅಂಗಿಗೆ ಹಾಕಿದಳು, ಗಿಣಿ ಐದಕ್ಕೆ. ಬಂದು ಕೂತು ಬರೆದರು. ಗಿಣಿಯ ಕೈ ಎಲ್ಲೂ ತಡವರಿಸಲಿಲ್ಲ. ನಿಯಮದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲವಲ್ಲ! ಬೋರ್ಡು ಒರೆಸಿಯಾಗಿತ್ತು, ಚೀಟಿ ಇರಲಿಲ್ಲ, ಅರ್ಧ ಗಂಟೆ ಕಳೆದಿತ್ತು. ತಲೆಯಲ್ಲಿ ಉಳಿದದ್ದು ತನ್ನದು. ಅವಳು ತಪ್ಪಿದ್ದು ಮೇಲಿನ ಒಂದು ಸಾಲಿನಲ್ಲಿ. ಮೂರು ಸಲ ಅಕ್ಕನ ಹೆಸರು ಬರೆದಿದ್ದವಳಿಗೆ ಆ ಸಲ ಸೋಮವಾರದ ಪಟ್ಟಿಯ ಆಸೆ ಹುಟ್ಟಿತು. ಒಂದು ಸಲ ತಾನೂ ಒಂಟಿ ಸವಾರಳಾದರೆ ಏನು ಗಂಟು ಹೋಗುತ್ತದೆ ಎಂದುಕೊಂಡು ‘ಯಾರೂ ಇಲ್ಲ’ ಎಂದು ಬರೆದು ಕಳಿಸಿಬಿಟ್ಟಳು. ಅಕ್ಕ ಎಂದಿನಂತೆ ತಂಗಿಯ ಹೆಸರು ಬರೆದಳು.

ಎಂಟು ದಿನ ಕಳೆದು ಬಂದ ಸೋಮವಾರ ಪಟ್ಟಿ ಓದಲಿಲ್ಲ. ಮೇಷ್ಟ್ರು ನಗಲೂ ಇಲ್ಲ. ಬುಧವಾರ ಇಬ್ಬರಿಗೂ ಒಂದೊಂದು ಪತ್ರ ಬಂತು. ಹೋಲಿಕೆ ಹುಡುಕುವ ಸಾಫ್ಟ್‌ವೇರು ಎರಡು ಪ್ರೋಗ್ರಾಮುಗಳನ್ನು ಜೋಡಿ ಮಾಡಿದೆ, ಐವತ್ತೆಂಟರಲ್ಲಿ ಐವತ್ತೆಂಟು ಸಾಲು, ಶುಕ್ರವಾರ ಹತ್ತು ಗಂಟೆಗೆ ವಿಚಾರಣೆ.

ಅಕ್ಕ ಪತ್ರವನ್ನು ಎರಡು ಸಲ ಓದಿ ಮಡಿಸಿಟ್ಟಳು.

"ನೀನು ಅಷ್ಟನ್ನೂ ಹಾಗ್ಹಾಗೇ ಬರ್ದೆಯಾ?"

"ಬದಲಾಯಿಸಿದ್ರೆ ಓಡ್ತಿರಲಿಲ್ಲ ಅಕ್ಕ."

"ಹೋಗಲಿ ಬಿಡು. ನಡೆದದ್ದು ಹೇಳಿದ್ರಾಯ್ತು. ನನ್ನ ಹೆಸರು ಮೇಲೆ ಬರ್ದಿದ್ದೀಯಲ್ಲ, ನಾನೂ ನಿನ್ನ ಹೆಸರು ಬರ್ದಿದ್ದೀನಿ. ನಿನ್ನ ತಲೆ ಹೀಗೆ ಅಂತ ಹೇಳು, ಒಂದು ಹಾಳೆ ನೋಡಿ ಬರೆದು ತೋರ್ಸು. ಯಾರದ್ದೂ ತಪ್ಪಿಲ್ಲ ಅಂತಾಗತ್ತೆ."

ಗಿಣಿ ಹೂಂ ಎಂದಳು. ಮೇಲಿನ ಸಾಲಿನ ಮಾತನ್ನು ಗುರುವಾರ ಹೇಳೋಣ ಎಂದುಕೊಂಡಳು. ಗುರುವಾರ ಅಕ್ಕನಿಗೆ ಕೆಮ್ಮು ಹೆಚ್ಚಿತ್ತು, ದೊಡ್ಡಮ್ಮ ಎದೆಗೆ ಬಿಸಿ ಬಟ್ಟೆ ಕೊಡುತ್ತಾ ಪಕ್ಕದಲ್ಲೇ ಕೂತಿದ್ದಳು. ಹೇಳದಿರುವುದಕ್ಕೆ ಅಷ್ಟೇ ನೆಪ ಸಾಕಾಯಿತು.

ವಿಚಾರಣೆಗೆ ಎರಡು ಕೋಣೆ. ಅಕ್ಕ ಒಂದರಲ್ಲಿ, ಗಿಣಿ ಇನ್ನೊಂದರಲ್ಲಿ. ಸೊನ್ನೆ ಮೇಷ್ಟ್ರ ಜೊತೆ ಸಮಿತಿಯ ಮುಖ್ಯಸ್ಥೆಯಾಗಿ ಬೆಳ್ಳಿ ಕೂದಲಿನ ಒಬ್ಬ ಮೇಡಂ ಇದ್ದರು. ಅವರು ಅಕ್ಕನ ಕೋಣೆ ಮುಗಿಸಿಯೇ ಇಲ್ಲಿಗೆ ಬಂದಿದ್ದರು. ಮೇಜಿನ ಮೇಲೆ ಎರಡೂ ಪ್ರೋಗ್ರಾಮುಗಳನ್ನು ಅಚ್ಚು ತೆಗೆದು ಇಟ್ಟಿದ್ದರು. ಒಂದೇ ಥರ ಇರುವ ಸಾಲುಗಳಿಗೆ ಹಳದಿ ಬಳಿದಿದ್ದರು. ಹಳದಿ ಇಲ್ಲದ ಸಾಲು ಎರಡರಲ್ಲೂ ಒಂದೊಂದೇ, ಮೇಲಿನದು.

ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟರು. "ನಿಮ್ಮಕ್ಕ ನಿನ್ನ ಜೊತೆ ಚರ್ಚಿಸಿದೆ ಅಂತ ಬರ್ದಿದ್ದಾಳೆ. ನೀನು ಯಾರೂ ಇಲ್ಲ ಅಂತ ಬರ್ದಿದ್ದೀಯ. ಅಂದ್ರೆ ನೀನು ಸ್ವಂತ ಬರ್ದೆ, ಅವಳು ನಿನ್ನಿಂದ ಸಹಾಯ ತಗೊಂಡ್ಳು. ಹೌದಾ?"

ನಿಜ ಹೇಳಿದವಳ ನಿಜವೇ ಅವಳ ಕುತ್ತಿಗೆಗೆ ಬರುತ್ತಿದೆ ಎಂದು ಗಿಣಿಗೆ ಆ ಕ್ಷಣ ಅರ್ಥವಾಯಿತು. ಪ್ರೋಗ್ರಾಮು ಅರ್ಥವಾಗದ ತಲೆಗೆ ಇದು ಮಾತ್ರ ಚೆನ್ನಾಗಿ ಅರ್ಥವಾಯಿತು. ಅಲ್ಲ ಎನ್ನಬೇಕಿತ್ತು. ಹಾಗೆಂದರೆ ಸುಳ್ಳು ಬರೆದವಳು ನೀನೇ ಎನ್ನುತ್ತಾರೆ. ಅವಳ ತಲೆ ತಂತಾನೇ ತಗ್ಗಿತು. ಮೇಡಂ ಅದನ್ನು ಹೌದೆಂದು ಬರೆದುಕೊಂಡರು.

"ಲಿಫ್ಟ್ ಏಳರಲ್ಲಿ ಯಾಕೆ ನಿಲ್ಲತ್ತೆ?" ಎಂದರು ಮೇಷ್ಟ್ರು.

ಗಿಣಿಯ ಕಣ್ಣ ಮುಂದೆ ಆಸ್ಪತ್ರೆಯ ಏಳನೇ ಮಹಡಿ ಬಂದು ನಿಂತಿತು. ಲಿಫ್ಟಿನ ಎದುರು ಉದ್ದನೆಯ ಬೆಂಚು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಅದರ ಮೇಲೆ ಕೂತು, ಕೆಳಗಿಳಿದು ಎಕ್ಸ್‌ರೇಗೆ ಹೋಗಲು ಲಿಫ್ಟಿಗಾಗಿ ಕಾಯುತ್ತಿದ್ದ ಅಕ್ಕ. ಕೆಂಪು ಅಂಕಿ ಒಂದು, ಎರಡು, ಮೂರು ಎಂದು ತೆವಳುತ್ತಿತ್ತು. ಗಿಣಿ ಆ ವರ್ಷ ಎಷ್ಟೋ ಭಾನುವಾರ ಊರಿನಿಂದ ಬಂದು ಅವಳ ಪಕ್ಕ ಕೂತು ಅದೇ ಅಂಕಿ ನೋಡಿದ್ದಳು. ಅಕ್ಕನ ನಾಲ್ಕು ತಿಂಗಳು ಆ ಒಂದು ಅಂಕಿಯಲ್ಲಿತ್ತು.

"ಮೇಲಿನ ಮಹಡೀಲಿ ಕೈಲಾಗದವರು ಇರಬಹುದು ಸರ್. ಅವರು ಜಾಸ್ತಿ ಕಾಯಬಾರದು ಅಂತ," ಎಂದಳು.

ಮೇಷ್ಟ್ರು ಮೇಡಂ ಕಡೆ ನೋಡಿ ತಲೆದೂಗಿದರು. ಅದೇ ಪ್ರಶ್ನೆಗೆ ಅಕ್ಕ ಪಕ್ಕದ ಕೋಣೆಯಲ್ಲಿ ಕೊಟ್ಟಿದ್ದ ಉತ್ತರ ಆಮೇಲೆ ಆದೇಶದ ಪತ್ರದಲ್ಲಿ ಅಚ್ಚಾಗಿ ಬಂತು: ‘ಸುಮ್ಮನೆ.’ ಅವಳು ಕಾಯಿಲೆಯ ಮಾತು ಎತ್ತದೆ ಸಾಯುವವಳೇ ಹೊರತು ಎತ್ತಿ ಗೆಲ್ಲುವವಳಲ್ಲ.

ಆಮೇಲೆ ಮೇಷ್ಟ್ರು ತಮ್ಮ ಅಸ್ತ್ರ ತೆಗೆದರು. ಒಂದು ಬಿಳಿ ಹಾಳೆ, ಒಂದು ಪೆನ್ನು. "ಇಬ್ಬರಿಗೂ ಇದೇ ಪರೀಕ್ಷೆ. ಅದೇ ಲಿಫ್ಟ್ ಪ್ರೋಗ್ರಾಮು ಮೊದಲಿಂದ ಬರಿ. ಒಂದು ಗಂಟೆ ಟೈಮು. ತಾನೇ ಬರೆದದ್ದನ್ನ ಯಾರೂ ಮರೆಯಲ್ಲ."

ಇಪ್ಪತ್ತು ವರ್ಷ ಪಾಠ ಮಾಡಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ತಪ್ಪು ಮಾಡಲು ಸಾಧ್ಯವಿರಲಿಲ್ಲ. ನ್ಯಾಯದ ಹುಚ್ಚಿನವರು ತಮ್ಮ ತಕ್ಕಡಿಯನ್ನು ಮಾತ್ರ ತೂಗಿ ನೋಡುವುದಿಲ್ಲ.

ಗಿಣಿ ಕಣ್ಣು ಮುಚ್ಚಿದಳು. ಕನ್ನಡಿ ಕಾಣಿಸಿತು. ಅದರ ಮೇಲಿನ ನೀಲಿ ಅಕ್ಷರಗಳು, ಅವುಗಳ ಹಿಂದೆ ತನ್ನದೇ ಮುಖ. ಇನ್ನೂ ಹೊತ್ತು ಮೀರಿರಲಿಲ್ಲ. ಬೇಕೆಂದೇ ತಡವರಿಸಬಹುದಿತ್ತು, ನಡುವೆ ನಿಲ್ಲಿಸಬಹುದಿತ್ತು. ಆದರೆ ಹೆದರಿದ ಕೈ ತನಗೆ ಗೊತ್ತಿರುವ ಒಂದೇ ಕೆಲಸ ಮಾಡಿತು. ಹದಿನೇಳು ನಿಮಿಷದಲ್ಲಿ ಐವತ್ತೆಂಟು ಸಾಲು. ಉಸಿರು ಉಸಿರಿನ ಜಾಗದಲ್ಲಿ, ಏಳು ಏಳರ ಜಾಗದಲ್ಲಿ. ಮೇಷ್ಟ್ರು ಹಳದಿ ಹಾಳೆಯ ಪಕ್ಕ ಅದನ್ನಿಟ್ಟು ಸಾಲಿನಿಂದ ಸಾಲಿಗೆ ಬೆರಳು ಓಡಿಸಿದರು. ಅವರ ಮುಖದಲ್ಲಿ ಸೋಮವಾರದ ಆ ನಗು ಮೂಡಿತು. ಆ ನಗು ತನಗೆ ಸಿಕ್ಕಿತೆಂದು ಗಿಣಿಗೆ ಒಂದು ಗಳಿಗೆ ಖುಷಿಯೇ ಆಯಿತು, ನಾಚಿಕೆಗೇಡು.

ಅಕ್ಕ ಪೂರ್ತಿ ಒಂದು ಗಂಟೆ ತೆಗೆದುಕೊಂಡಿದ್ದಳು. ಅವಳು ಬರೆದದ್ದು ಬೇರೆಯೇ ಪ್ರೋಗ್ರಾಮು. ನಲವತ್ತೊಂದೇ ಸಾಲು, ಮೊದಲಿನದಕ್ಕಿಂತ ಚುರುಕು. ಎರಡನೆಯ ಸಲ ಯೋಚಿಸಿದವಳಿಗೆ ಹೊಸ ದಾರಿ ಕಂಡಿತ್ತು. ಏಳೂ ಇಲ್ಲ, ಉಸಿರೂ ಇಲ್ಲ. ಮೊದಲು ಕಳಿಸಿದ್ದರ ಒಂದು ಸಾಲೂ ಅದರಲ್ಲಿರಲಿಲ್ಲ. ಸಮಿತಿಗೆ ಇನ್ನೇನು ಬೇಕಿತ್ತು. ಕೊನೆಯಲ್ಲಿ ಅವಳು ಒಂದೇ ಮಾತು ಹೇಳಿದ್ದಳಂತೆ, "ಆ ಪ್ರೋಗ್ರಾಮು ನಂದೇ. ನನ್ನ ತಂಗೀನ ಕೇಳಿ, ಅವಳು ಹೇಳ್ತಾಳೆ."

ಕೇಳಿದರು. ತಂಗಿ ಹೇಳಬೇಕಾದ್ದೆಲ್ಲ ಬರೆದು ತೋರಿಸಿದ್ದಳು.

ಶನಿವಾರ ಬೆಳಿಗ್ಗೆ ಗಿಣಿ ಒಬ್ಬಳೇ ಮೇಷ್ಟ್ರ ಕೋಣೆಗೆ ಹೋದಳು. ರಾತ್ರಿಯೆಲ್ಲ ಅಕ್ಕ ಏನೂ ಕೇಳದೆ ಮಲಗಿದ್ದಳು, ಅದನ್ನು ತಡೆಯಲಾಗಿರಲಿಲ್ಲ. ಮೇಷ್ಟ್ರ ಮೇಜಿನ ಮೇಲೆ ಆದೇಶದ ಪತ್ರ ಇತ್ತು, ಸಹಿ ಇನ್ನೂ ಬಿದ್ದಿರಲಿಲ್ಲ.

"ಸರ್, ಆ ಪ್ರೋಗ್ರಾಮು ಅಕ್ಕಂದು. ನಾನು ನೋಡಿ ನೆನಪಿಟ್ಕೊಂಡು ಬರ್ದಿದ್ದು."

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ಮಮತೆಯಿಂದ ನೋಡಿದರು. "ಐವತ್ತೆಂಟು ಸಾಲು? ಒಂದು ಚುಕ್ಕಿ ತಪ್ಪದೆ, ಹನ್ನೆರಡು ದಿನ ಆದ್ಮೇಲೆ? ಹೋಗಮ್ಮ. ನಿನ್ನ ಮನಸ್ಸು ದೊಡ್ಡದು, ಒಪ್ಕೋತೀನಿ. ಆದ್ರೆ ಇನ್ನೊಬ್ಬರ ತಪ್ಪನ್ನ ನಂದು ಅನ್ನೋದೂ ಒಂಥರಾ ಕಾಪಿನೇ. ಅಕ್ಕನ ಮೇಲೆ ಪ್ರೀತಿ ಇರ್ಲಿ, ಅದಕ್ಕೆ ಸುಳ್ಳು ಬೇಡ."

ಯಾವುದಾದರೂ ಒಂದು ಹಾಳೆ ಕೊಡಿ, ಒಂದು ಸಲ ನೋಡಿ ಬರೆದು ತೋರಿಸುತ್ತೇನೆ ಎಂದರೆ ಮುಗಿಯುತ್ತಿತ್ತು. ಹಾಳೆ ಕೊಡುವುದೂ ಬೇಕಿರಲಿಲ್ಲ. ಮೇಜಿನ ಮೇಲಿದ್ದ ಆ ಪತ್ರವನ್ನು ತಲೆಕೆಳಗಾಗಿಯೇ ಓದಿ ಮುಗಿಸಿದ್ದಳು. ತಾರೀಕಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಅಲ್ಲೇ ಒಪ್ಪಿಸಬಹುದಿತ್ತು. ಅವಳು ಒಪ್ಪಿಸಲಿಲ್ಲ. ಚಪ್ಪಲಿ ಮೆಟ್ಟಿ ಹೊರಟ ನೆಂಟರಿಗೆ ಊಟ ಮಾಡಿಕೊಂಡು ಹೋಗಿ ಎನ್ನುತ್ತೇವಲ್ಲ, ಹಾಗೆ ನಿಜ ಹೇಳಿ, ಅವರು ಬೇಡವೆಂದದ್ದೇ ತಡ, ಎದೆ ಹಗುರ ಮಾಡಿಕೊಂಡು ಎದ್ದಳು. ಬಾಗಿಲ ಹತ್ತಿರ ಮೇಷ್ಟ್ರು ಕೂಗಿ ಹೇಳಿದರು, "ಮುಂದಿನ ಅಸೈನ್‌ಮೆಂಟು ನೀನೇ ಬೋರ್ಡ್ ಮೇಲೆ ಮಾಡಬೇಕು, ಇಡೀ ಕ್ಲಾಸಿನ ಎದುರು. ಒಂಟಿ ಸವಾರಳು ಹೇಗೆ ಯೋಚನೆ ಮಾಡ್ತಾಳೆ ಅಂತ ಎಲ್ಲರೂ ನೋಡ್ಲಿ."

ಹಗುರವಾದ ಎದೆ ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಕಲ್ಲಾಯಿತು.

ಮನೆಯಲ್ಲಿ ಅಕ್ಕ ಕನ್ನಡಿಯ ಮುಂದೆ ನಿಂತಿದ್ದಳು. "ಹೇಳಿದ್ಯಾ?"

"ಹೇಳ್ದೆ. ಅವರು ನಂಬಲಿಲ್ಲ ಅಕ್ಕ."

"ಒಂದು ಹಾಳೆ ಇಸ್ಕೊಂಡು ಬರೆದು ತೋರ್ಸಿದ್ಯಾ?"

ಗಿಣಿ ನೆಲ ನೋಡಿದಳು. ಅಕ್ಕ ಬಟ್ಟೆ ಚೂರು ತೆಗೆದುಕೊಂಡು, ಏನೂ ಬರೆದಿರದ ಕನ್ನಡಿಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದಳು.

ಮಂಗಳವಾರ ಅಕ್ಕನ ಹೆಸರಿಗೆ ಆದೇಶ ಬಂತು. ಒಂದು ವರ್ಷ. ಹಿಂದಿನದು ಒಂದು, ಇದೊಂದು. ಸೀಟು ಹೋಯಿತು. ತಾನೇ ಹೋಗಿ ಗಿಣಿಯ ತಲೆಯ ಗುಟ್ಟು ಹೇಳಿಬಿಡಬೇಕೆಂದು ಅಕ್ಕನಿಗೆ ಅನ್ನಿಸಿರಬಹುದು. ಹೇಳಿದ್ದರೆ ಗಿಣಿ ಸಿಕ್ಕಿಬೀಳುತ್ತಿದ್ದಳು. ಅಕ್ಕ ಹೋಗಲಿಲ್ಲ. ಅವಳ ಪ್ರೀತಿಗೆ ಗಿಣಿ ಅಳಬೇಕಿತ್ತು. ಬದಲಿಗೆ ಅವಳಿಗೆ ಭಯವಾಯಿತು.

ಅಂದು ಮಧ್ಯಾಹ್ನ ದೊಡ್ಡಮ್ಮ ಪತ್ರವನ್ನು ಅಕ್ಕನಿಂದ ಓದಿಸಿಕೊಂಡು ಕೇಳಿದಳು. ಅವಳು ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಳು, ಬಾಯಲ್ಲಿ ಎರಡು ಗುಂಡುಪಿನ್ನು. ಓದಿ ಮುಗಿದ ಮೇಲೆ ಪಿನ್ನು ತೆಗೆದು ಗಿಣಿಯತ್ತ ತಿರುಗಿದಳು.

"ನನಗೆ ನಿಮ್ಮ ಪ್ರೋಗ್ರಾಮು ಗೊತ್ತಿಲ್ಲ, ಬಟ್ಟೆ ಗೊತ್ತು. ಅದೇ ಅಳತೆ, ಅದೇ ಅಂಗಿ ಅಂತ ಇನ್ನೊಂದು ಸಲ ಕೊಟ್ರೂ ನನ್ನ ಕತ್ತರಿ ಬೇರೆ ದಾರಿ ಹಿಡಿಯತ್ತೆ. ಇಲ್ಲಿ ಒಂಚೂರು ಉಳಿಸೋಣ, ಅಲ್ಲಿ ಒಂಚೂರು ತಿರುಗಿಸೋಣ ಅನ್ಸತ್ತೆ. ಯಾರದ್ದೋ ಪೇಪರ್ ಕಟಿಂಗ್ ಅಚ್ಚನ್ನ ಬಟ್ಟೆ ಮೇಲೆ ಇಟ್ಕೊಂಡು ಕತ್ತರಿಸೋಳದ್ದು ಮಾತ್ರ ಹತ್ತು ಸಲವೂ ಒಂದೇ ಥರ ಬರತ್ತೆ. ನೀನು ಎರಡು ಸಲವೂ ಒಂದೇ ಥರ ಬರ್ದೆಯಂತಲ್ಲ?"

"ಹೂಂ ದೊಡ್ಡಮ್ಮ."

ದೊಡ್ಡಮ್ಮ ಬೈಯಲಿಲ್ಲ, ಮನೆ ಬಿಟ್ಟು ಹೋಗೆನ್ನಲಿಲ್ಲ. ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಬಟ್ಟೆಯ ಮೇಲೆ ಬಗ್ಗಿದಳು. ಅರ್ಧ ಗಂಟೆಯ ಮೇಲೆ ಒಳಗಿನಿಂದ ಅವಳ ದನಿ ಬಂತು, "ಬನ್ನಿ, ಅಡುಗೆ ಆಗಿದೆ." ಅಳತೆ ಕೊಡಲು ಬಂದ ಗಿರಾಕಿಗಳನ್ನು ಕರೆಯುವ ದನಿ ಅದು. ಅಂದಿನಿಂದ ಆ ಮನೆಯಲ್ಲಿ ಗಿಣಿ ಎಂದು ದೊಡ್ಡಮ್ಮ ಯಾರನ್ನೂ ಕರೆಯಲಿಲ್ಲ. ತಟ್ಟೆಗೆ ಬೀಳುವುದರಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ.

ಮುಂದಿನ ಕೋಣೆಯಲ್ಲಿ ಎರಡನೆಯ ಹೊಲಿಗೆ ಯಂತ್ರ ಬಂದು ಕೂತಿತು. ಅಕ್ಕ ಅದರ ಮುಂದೆ ಕೂತಳು. ಯೂನಿಫಾರಂ ಕಾಲ, ಕೆಲಸ ತಲೆಯ ಮೇಲೆ ಬಿದ್ದಿತ್ತು. ಯಂತ್ರದ ಸದ್ದು ನಿಂತಾಗಲೆಲ್ಲ ಅವಳ ಕೆಮ್ಮು ಕೇಳಿಸುತ್ತಿತ್ತು, ನೂಲಿನ ಧೂಳು ಅವಳಿಗೆ ಆಗದು. ಒಳಕೋಣೆಯಲ್ಲಿ ಕೂತ ಗಿಣಿ ಸದ್ದು ನಿಲ್ಲದಿರಲಿ ಎಂದುಕೊಳ್ಳುತ್ತಿದ್ದಳು.

ಐದನೆಯ ಅಸೈನ್‌ಮೆಂಟು ನಾಲ್ಕು ರಸ್ತೆ ಕೂಡುವ ಕಡೆಯ ಸಿಗ್ನಲ್ ದೀಪ. ಯಾವ ರಸ್ತೆಗೆ ಯಾವಾಗ ಹಸಿರು, ಎಷ್ಟು ಹೊತ್ತು, ಆಂಬುಲೆನ್ಸ್ ಬಂದರೆ ಹೇಗೆ. ಸೋಮವಾರ ಬೋರ್ಡಿನ ಮೇಲೆ ಮಾಡಬೇಕು. ಭಾನುವಾರ ಬೆಳಿಗ್ಗೆ ಗಿಣಿ ಮಾರ್ಕರ್ ಹಿಡಿದು ಕನ್ನಡಿಯ ಮುಂದೆ ನಿಂತಳು. ಹನ್ನೊಂದಾಯಿತು, ಹನ್ನೆರಡಾಯಿತು. ಕನ್ನಡಿಯಲ್ಲಿ ತನ್ನ ಮುಖ ಬಿಟ್ಟರೆ ಬೇರೇನೂ ಮೂಡಲಿಲ್ಲ. ಪಠ್ಯಪುಸ್ತಕದ ಮುನ್ನೂರ ಹತ್ತು ಪುಟವೂ ತಲೆಯಲ್ಲಿತ್ತು, ಪುಟದ ಅಡಿಯ ಅಂಕಿ ಸಮೇತ. ಈ ನಾಲ್ಕು ರಸ್ತೆ ಯಾವ ಪುಟದಲ್ಲೂ ಇರಲಿಲ್ಲ.

ಕೊನೆಗೆ ತಡೆಯಲಾರದೆ ಬಾಗಿಲಿಗೆ ಬಂದಳು. "ಅಕ್ಕಾ, ಒಂದು ನಿಮಿಷ ಬರ್ತೀಯಾ?"

ಯಂತ್ರ ನಿಂತಿತು. ಅಕ್ಕ ಮೈಮೇಲಿನ ನೂಲು ಕೊಡವಿಕೊಂಡು ಬಂದು ಪ್ರಶ್ನೆಯ ಹಾಳೆ ಓದಿದಳು. ಓದುತ್ತ ಓದುತ್ತ ಅವಳ ತುಟಿ ಒಂದು ಬದಿಗೆ ಸೊಟ್ಟಗಾಯಿತು, ದಾರಿ ಹೊಳೆದಾಗ ಆಗುತ್ತಿದ್ದ ಹಾಗೆ. ಗಿಣಿಯ ಕೈಯಿಂದ ಮಾರ್ಕರ್ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಗಿಣಿ ಕಣ್ಣು ಮಿಟುಕಿಸದೆ ನಿಂತಳು, ಒಂದು ಸಲ ಬರೆದರೆ ಸಾಕಲ್ಲ.

ಅಕ್ಕ ಕನ್ನಡಿಯಲ್ಲಿ ತಂಗಿಯ ಆ ಕಣ್ಣುಗಳನ್ನು ನೋಡಿದಳು. ನಿಧಾನಕ್ಕೆ ಮುಚ್ಚಳ ಹಾಕಿದಳು.

"ನಾನು ಈಗ ಆ ಕ್ಲಾಸಿನವಳಲ್ಲ ಕಣೆ. ಹೊರಗಿನವರ ಜೊತೆ ಚರ್ಚೆ ಮಾಡಬಾರದು ಅಂತ ನಿಯಮ ಇದೆ." ಅದರಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ನಿಯಮ ಪಾಲಿಸಿ ಸೀಟು ಕಳೆದುಕೊಂಡವಳು ಈಗಲೂ ಪಾಲಿಸುತ್ತಿದ್ದಳು, ಅಷ್ಟೇ. ಮಾರ್ಕರನ್ನು ಬೀರುವಿನ ಮೇಲಿಟ್ಟು ಹೊರಗೆ ಹೋದಳು. 

ಸೋಮವಾರ ತರಗತಿ ತುಂಬಿತ್ತು. ಬೆಳ್ಳಿ ಕೂದಲಿನ ಮೇಡಂ ಕೂಡ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಸೊನ್ನೆ ಮೇಷ್ಟ್ರು ಸೀಮೆಸುಣ್ಣ ಕೊಟ್ಟು, ಅದೇ ನಗು ನಕ್ಕು, ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಕೂತರು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಯಾರೋ ಚೀಲ ಇಟ್ಟಿದ್ದರು.

ಗಿಣಿ ಬೋರ್ಡಿನ ಮೇಲ್ತುದಿಯಲ್ಲಿ, ಎಲ್ಲರೂ ಬರೆಯುವ ಹಾಗೆ, ಮೊದಲ ಸಾಲು ಬರೆದಳು.

‘ಚರ್ಚಿಸಿದವರು: ಯಾರೂ ಇಲ್ಲ.’

ಬರೆದು ಮುಗಿಸಿದ ಮೇಲೆ ಓದಿಕೊಂಡಳು. ಅವಳು ಬರೆದದ್ದರಲ್ಲಿ ಅದೊಂದು ಸಾಲು ಈ ಸಲ ನಿಜವಾಗಿತ್ತು. ಸೀಮೆಸುಣ್ಣವನ್ನು ಅದರ ಕೆಳಗೆ ಒತ್ತಿ ಹಿಡಿದು ನಿಂತಳು. ಪುಡಿ ಉದುರಿ ಕೈಬೆರಳಿಗೆ ಮೆತ್ತಿಕೊಂಡಿತು. ಹಿಂದೆ ಅರವತ್ತೆಂಟು ಜನ ಪೆನ್ನು ಹಿಡಿದು ಕಾಯುತ್ತಿದ್ದರು.

"ಹೂಂ," ಎಂದರು ಮೇಷ್ಟ್ರು, "ಮುಂದೆ ಬರಿ."